ಎರೆಮಣ್ಣು ಮತ್ತು ಗಾಲಿ: ಲಿಂಗಸುಗೂರು ಸೀಮೆಯ ಒಂದು ಚರಿತ್ರೆ



ಗಾಲಿಯನ್ನು ಕಂಡುಹಿಡಿದದ್ದೇ ತಡ, ಮನುಷ್ಯ ಅದನ್ನು ಬಂಡಿಗೆ ಹೂಡಿ ಹೊರಟುಬಿಟ್ಟ ಎಂದು ನೀವು ಸಮಾಜ ವಿಜ್ಞಾನದ ಪುಸ್ತಕದಲ್ಲಿ ಓದಿರುತ್ತೀರಿ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಎರೆಹೊಲದಲ್ಲಿ ಒಂದು ಮಳೆಗಾಲ ಕಳೆದವರು ಈ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾರರು. ಇಲ್ಲಿ ಗಾಲಿ ಇತ್ತು, ಅದನ್ನು ಮಾಡುವ ಬಡಿಗನಿದ್ದ, ಎಳೆಯುವ ಎತ್ತೂ ಇತ್ತು. ಆದರೂ ಶತಮಾನಗಳ ಕಾಲ ದೂರದ ಸಾಗಾಟದ ಬಹುಭಾಗ ನಡೆದದ್ದು ಎತ್ತಿನ ಬೆನ್ನ ಮೇಲೆ. ಅದು ಅಜ್ಞಾನವೋ ಆಯ್ಕೆಯೋ ಎಂಬ ಪ್ರಶ್ನೆಯಿಂದಲೇ ಇಂದಿನ ವಿಷಯ ಆರಂಭವಾಗುತ್ತದೆ.

ಮೊದಲು ಮಣ್ಣನ್ನು ನೋಡೋಣ. ಈ ಸೀಮೆಯ ಕಪ್ಪು ಮಣ್ಣಿನಲ್ಲಿ ಜೇಡಿಯ ಅಂಶ ಬಹಳ. ಆ ಜೇಡಿಯ ಕಣಗಳು ಪದರಪದರವಾಗಿರುತ್ತವೆ. ನೀರು ತಾಗಿದೊಡನೆ ಪದರಗಳ ನಡುವೆ ಅದು ಸೇರಿಕೊಂಡು ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈಯೇ ಇಳಿಯುವಷ್ಟು ಆಳದ ಬಿರುಕು. ಮಳೆ ಬಿದ್ದ ಮರುದಿನ ಅದೇ ನೆಲ ಅಂಟಿನ ಮುದ್ದೆ. ವರ್ಷಕ್ಕೆ ಇಲ್ಲಿ ಬೀಳುವ ಮಳೆ ಸುಮಾರು 600 ಮಿಲಿಮೀಟರು ಮಾತ್ರ. ಮಲೆನಾಡಿನವರಿಗೆ ಇದು ಮಳೆಯೇ ಅಲ್ಲ. ಆದರೆ ದಾರಿಯನ್ನು ಕೆಡಿಸುವುದು ಮಳೆಯ ಪ್ರಮಾಣವಲ್ಲ, ಮಣ್ಣಿನ ಗುಣ. ಒಂದು ಹದವಾದ ಮಳೆ ಬಂದರೆ ಸಾಕು, ಗಾಲಿ ಒಂದು ಸುತ್ತು ಉರುಳುವಷ್ಟರಲ್ಲಿ ಮಣ್ಣು ಹತ್ತಿಕೊಂಡು ದಪ್ಪವಾಗುತ್ತದೆ, ಎರಡನೆಯ ಸುತ್ತಿಗೆ ಇನ್ನಷ್ಟು ದಪ್ಪ. ಕೊನೆಗೆ ಗಾಲಿ ತಿರುಗುವುದನ್ನೇ ಬಿಟ್ಟು ಜಾರತೊಡಗುತ್ತದೆ.

ಚಳಿದೇಶಗಳಲ್ಲಿ ಕಾರು ಓಡಿಸುವವರಿಗೆ ಹಿಮ ಹೇಗೋ ನಮಗೆ ಎರೆಯ ಕೆಸರು ಹಾಗೆ. ಯುರೋಪಿನ ಹಲವು ದೇಶಗಳಲ್ಲಿ ಚಳಿಗಾಲಕ್ಕೆಂದೇ ಬೇರೆ ಟೈರುಗಳಿವೆ. ಉಷ್ಣತೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಸಾಮಾನ್ಯ ಟೈರಿನ ರಬ್ಬರು ಗಡಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಮೆತ್ತನೆಯ ರಬ್ಬರು, ಅದರ ಮೇಲೆ ಕೂದಲೆಳೆಯಂತಹ ಸೀಳುಗಳು. ವರ್ಷಪೂರ್ತಿ ಒಂದೇ ಟೈರಿನಲ್ಲಿ ಕಾಲ ಕಳೆಯುವುದೋ, ಕಾಲಕ್ಕೊಂದು ಟೈರು ಬದಲಿಸುವುದೋ ಎಂಬುದು ಅಲ್ಲಿ ಪ್ರತಿ ಕುಟುಂಬದ ಪ್ರಶ್ನೆ. ಲಿಂಗಸುಗೂರಿನ ರೈತನ ಮುಂದೆಯೂ ಇದೇ ಪ್ರಶ್ನೆ ಇತ್ತು, ಕಾರು ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ.

ಗಾಲಿಯ ಅತ್ಯಂತ ಸ್ವಾರಸ್ಯಕರ ಸಾಕ್ಷ್ಯ ಜಿಲ್ಲಾ ಕೇಂದ್ರದಲ್ಲೇ ಇದೆ. ರಾಯಚೂರು ಕೋಟೆಯ ಗೋಡೆಯಲ್ಲಿ 41 ಅಡಿ 8 ಅಂಗುಲ ಉದ್ದದ ಒಂದೇ ಕಲ್ಲಿನ ಚಪ್ಪಡಿ ಇದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿದ ವಿಷಯವನ್ನು ಅದರ ಮೇಲಿನ ಶಾಸನ ತಿಳಿಸುತ್ತದೆ. ಶಾಸನವನ್ನು ಓದಲು ಹೋದವರು ಗೋಡೆಯ ಮೇಲಿನ ಕೆತ್ತನೆಯನ್ನೂ ತಪ್ಪದೆ ನೋಡಬೇಕು. ಆ ಭಾರಿ ಚಪ್ಪಡಿಯನ್ನು ಬಂಡಿಯ ಮೇಲೆ ತಂದ ಬಗೆಯನ್ನೇ ಶಿಲ್ಪಿ ಅಲ್ಲಿ ಬಿಡಿಸಿದ್ದಾನೆ. ಅರೆಗಳಿಲ್ಲದ ಗಟ್ಟಿ ಗಾಲಿಗಳು, ಮುಂದೆ ಉದ್ದಕ್ಕೂ ಹೂಡಿದ ಕೋಣಗಳ ಸಾಲು, ಕೋಣಗಳನ್ನು ಹುರಿದುಂಬಿಸುವ ಆಳುಗಳು. ಹಿಂದೆ ಗಾಲಿಗೆ ಸನ್ನೆಕೋಲು ಕೊಟ್ಟು ಮೀಟುತ್ತಿರುವವರೂ ಇದ್ದಾರೆ! ರಾಜರ ಯುದ್ಧವನ್ನು, ದೇವರ ಮೆರವಣಿಗೆಯನ್ನು ಕಲ್ಲಿನಲ್ಲಿ ಕೆತ್ತುವುದು ನಮ್ಮಲ್ಲಿ ಸಾಮಾನ್ಯ. ಒಂದು ಸಾಗಾಟದ ಕಷ್ಟವನ್ನು ಕೆತ್ತಿದ್ದು ಅಪರೂಪ. ಅಷ್ಟು ದೊಡ್ಡ ಕಲ್ಲನ್ನು ಗಾಲಿಯ ಮೇಲೆ ತಂದದ್ದು ಆ ಕಾಲದವರಿಗೂ ಹೇಳಿಕೊಳ್ಳುವಂತಹ ಸಂಗತಿಯಾಗಿತ್ತು ಎಂದು ನನಗೆ ಅನಿಸುತ್ತದೆ.

ದಿನನಿತ್ಯದ ಸಾಗಾಟಕ್ಕೆ ಇಷ್ಟೊಂದು ಕೋಣಗಳನ್ನೂ ಆಳುಗಳನ್ನೂ ಯಾರು ತರಬೇಕು? ಅದಕ್ಕೆ ಬಂಜಾರರಿದ್ದರು. ಹದಿನೇಳನೆಯ ಶತಮಾನದಲ್ಲಿ ದಕ್ಷಿಣದಲ್ಲಿ ಸಂಚರಿಸಿದ ಫ್ರೆಂಚ್ ವ್ಯಾಪಾರಿ ತವರ್ನಿಯೆ ಹತ್ತು ಹನ್ನೆರಡು ಸಾವಿರ ಹೇರೆತ್ತುಗಳ ದಂಡುಗಳನ್ನು ವರ್ಣಿಸಿದ್ದಾನೆ. ಧಾನ್ಯ, ಉಪ್ಪು ಮುಂತಾದವನ್ನು ಹೇರಿಕೊಂಡು ಎತ್ತುಗಳು ಮೇಯುತ್ತಲೇ ಸಾಗುತ್ತಿದ್ದವು. ಎತ್ತಿನ ಗೊರಸು ಸೀಳಿದೆಯಲ್ಲವೇ? ಕೆಸರಿನಲ್ಲಿ ಊರಿದಾಗ ಅದು ಅಗಲವಾಗುತ್ತದೆ, ಎತ್ತುವಾಗ ಎರಡೂ ಭಾಗ ಕೂಡಿಕೊಂಡು ಸಲೀಸಾಗಿ ಹೊರಬರುತ್ತದೆ. ಎಲ್ಲ ನೆಲಕ್ಕೂ ಒಗ್ಗುವ ಟೈರನ್ನು ಇಂದಿನ ಕಾರ್ಖಾನೆಗಳು ಹುಡುಕುತ್ತಿವೆ. ನಮ್ಮ ಹೇರೆತ್ತಿನ ಕಾಲಲ್ಲಿ ಅದು ಆಗಲೇ ಇತ್ತು. ಇಂದಿಗೂ ಲಿಂಗಸುಗೂರು ಸುತ್ತಲಿನ ಲಂಬಾಣಿ ತಾಂಡಾಗಳಲ್ಲಿ ಆ ಅಲೆಮಾರಿ ಸಾಗಾಟಗಾರರ ವಂಶದವರಿದ್ದಾರೆ.

ದಂಡಿನ ಲೆಕ್ಕಾಚಾರವೂ ಮಣ್ಣನ್ನೇ ಅನುಸರಿಸುತ್ತಿತ್ತು. ವಿಜಯನಗರದಲ್ಲಿ ಮಹಾನವಮಿ ಮುಗಿದ ಮೇಲೆ, ದಾರಿ ಆರಿದ ಮೇಲೆ, ದಂಡಯಾತ್ರೆಯ ಕಾಲ. ಕೃಷ್ಣದೇವರಾಯ ರಾಯಚೂರಿಗಾಗಿ ಹೋರಾಡಿದ್ದು 1520ರ ಮೇ ತಿಂಗಳಿನಲ್ಲಿ. ರಕ್ಕಸಗಿ–ತಂಗಡಗಿ ಅಥವಾ ತಾಳಿಕೋಟೆಯ ಯುದ್ಧ ನಡೆದದ್ದು 1565ರ ಜನವರಿಯಲ್ಲಿ. ಎರಡೂ ಒಣಗಾಲ. ಇದಕ್ಕೆ ವಿರುದ್ಧವಾದ ಒಂದು ಉದಾಹರಣೆಯೂ ಇದೆ. ಚನ್ನಗಿರಿಯ ಧೋಂಡಿಯ ವಾಘನನ್ನು ಬೆನ್ನಟ್ಟಿ ಬಂದ ಕರ್ನಲ್ ವೆಲ್ಲೆಸ್ಲಿ (ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದವನು) ಇದೇ ದೋಆಬಿನ ಕೋನಗಲ್ಲಿನ ಬಳಿ ಅವನನ್ನು ಎದುರಿಸಿದ್ದು 1800ರ ಸೆಪ್ಟೆಂಬರ್ 10ರಂದು, ಮಳೆಯ ತಿಂಗಳಲ್ಲಿ. ಅಂದು ದಾಳಿ ಮಾಡಿದ್ದು ಕುದುರೆ ದಂಡು ಮಾತ್ರ. ಕಾಲಾಳು, ತೋಪುಗಳು ಹಿಂದೆ ಉಳಿದಿದ್ದವು. ಇದಕ್ಕೆ ಕೆಸರೊಂದೇ ಕಾರಣವೆಂದು ಹೇಳಿದರೆ ಅತಿಯಾದೀತು, ವೇಗವೂ ಬೇಕಿತ್ತು. ಆದರೆ ಯಾವ ಸೈನ್ಯಕ್ಕೂ ತೋಪಿನ ಗಾಲಿ ಒಂದು ಚಿಂತೆಯಾಗಿತ್ತು ಎಂಬುದನ್ನು ಮರೆಯಬೇಡಿ.

ಬಂಡಿಗೆ ಒಳ್ಳೆಯ ಕಾಲ ಬಂದದ್ದು ರೈಲಿನಿಂದ. ಇದು ವಿಚಿತ್ರವಾಗಿ ಕೇಳಿಸಬಹುದು. 1853ರಲ್ಲಿ ರಾಯಚೂರು ದೋಆಬು ನಿಜಾಮರ ಕೈಯಿಂದ ಬ್ರಿಟಿಷರ ಆಡಳಿತಕ್ಕೆ ಹೋಯಿತು, 1860ರಲ್ಲಿ ಮರಳಿ ಬಂತು. 1871ರಲ್ಲಿ ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಲಿಂಗಸುಗೂರು ಆಗ ದಂಡಿನ ಊರು, ಕೆಲಕಾಲ ಜಿಲ್ಲೆಯ ಮುಖ್ಯ ಪಟ್ಟಣ ಕೂಡ. 1905ರಲ್ಲಿ ಆ ಜಿಲ್ಲೆ ರದ್ದಾಯಿತು. ರೈಲು ಇಲ್ಲಿಗೆ ಬರಲಿಲ್ಲ. ಆದ್ದರಿಂದ ಎರೆಹೊಲದ ಹತ್ತಿ ನಿಲ್ದಾಣ ಮುಟ್ಟಬೇಕಾದರೆ ಬಂಡಿಯೇ ಗತಿ. ಹತ್ತಿ ಬಿಡಿಸುವ ಕಾಲ ಒಣಗಾಲವಾದದ್ದು ರೈತನ ಪುಣ್ಯ.

ಆ ಬಂಡಿಯ ಗಾಲಿ ಹೇಗಿತ್ತು? ಕರಿಜಾಲಿಯ ಗಟ್ಟಿ ಮರ, ನಡುವೆ ಗುಂಬ, ಅದರಿಂದ ಹೊರಟ ಅರೆಗಳು, ಸುತ್ತ ಬಾಗಿದ ಮರದ ತುಂಡುಗಳು, ಅವನ್ನೆಲ್ಲ ಬಿಗಿಹಿಡಿಯುವ ಕಬ್ಬಿಣದ ಹಳಿ. ಬಡಿಗನ ಕೆಲಸ ಮುಗಿದ ಮೇಲೆ ಕಮ್ಮಾರನ ಸರದಿ. ಹಳಿಯನ್ನು ಗಾಲಿಗಿಂತ ಸ್ವಲ್ಪ ಚಿಕ್ಕದಾಗಿಯೇ ಬೆಸೆಯುತ್ತಿದ್ದರು. ಕುಳ್ಳಿನ ಬೆಂಕಿಯಲ್ಲಿ ಕಾಯಿಸಿದಾಗ ಅದು ಹಿಗ್ಗುತ್ತದೆ. ನಾಲ್ಕು ಜನ ಇಕ್ಕಳ ಹಿಡಿದು ಕೆಂಪಗಾದ ಹಳಿಯನ್ನು ಗಾಲಿಯ ಮೇಲಿಟ್ಟು ಬಡಿದು ಕೂರಿಸುತ್ತಾರೆ. ಮರ ಹೊತ್ತಿಕೊಳ್ಳುವಷ್ಟರಲ್ಲಿ ನೀರು ಸುರಿಯುತ್ತಾರೆ. ಹಳಿ ಕುಗ್ಗಿ, ಎಲ್ಲ ಕೀಲುಗಳೂ ಕಿರ್ ಎಂದು ಬಿಗಿಯುತ್ತವೆ. ಶಾಖದಿಂದ ಲೋಹ ಹಿಗ್ಗುತ್ತದೆಂದು ನೀವು ಪ್ರಯೋಗಶಾಲೆಯಲ್ಲಿ ಚೆಂಡು ಮತ್ತು ಬಳೆಯಿಂದ ಕಲಿಯುತ್ತೀರಿ. ಹಳ್ಳಿಯ ಹುಡುಗರು ಅದನ್ನು ಕಮ್ಮಾರಸಾಲೆಯ ಮುಂದೆ ನಿಂತು ಕಲಿಯುತ್ತಿದ್ದರು. ರೈಲಿನ ಕಂಬಿಗೂ ನಾವು ಹಳಿ ಎಂದೇ ಹೆಸರಿಟ್ಟಿದ್ದೇವೆ. ಗಾಲಿಗೆ ಸುತ್ತಿದ ಕಬ್ಬಿಣಕ್ಕೂ ಗಾಲಿ ಉರುಳುವ ಕಬ್ಬಿಣಕ್ಕೂ ಒಂದೇ ಮಾತು!

ಕಬ್ಬಿಣದ ಹಳಿ ದಾರಿಯನ್ನು ಕೊಯ್ಯುತ್ತದೆ, ಅದನ್ನು ಅಗಲ ಮಾಡಬೇಕೆಂದು ರಸ್ತೆ ಕಟ್ಟುವ ಎಂಜಿನಿಯರುಗಳು ದೂರುತ್ತಿದ್ದರು. ಅವರ ಮಾತಿನಲ್ಲಿ ಸತ್ಯವಿದೆ. ಪರದೆಯ ಮೇಲೆ ಹೇಳಲು ಸಮಯ ಸಾಲದ ಲೆಕ್ಕವನ್ನು ಇಲ್ಲಿ ಕೊಡುತ್ತೇನೆ, ಕಾಗದ ಪೆನ್ಸಿಲು ಹಿಡಿದುಕೊಳ್ಳಿ. ಬಂಡಿ, ಹೇರು ಎರಡೂ ಸೇರಿ 12 ಕ್ವಿಂಟಲ್ ಎಂದು ಇಟ್ಟುಕೊಳ್ಳೋಣ. ಒಂದೊಂದು ಗಾಲಿಗೆ 600 ಕಿಲೋಗ್ರಾಂ. ಹಳಿಯ ಅಗಲ 5 ಸೆಂಟಿಮೀಟರು, ಗಟ್ಟಿ ನೆಲಕ್ಕೆ ತಾಗುವ ಉದ್ದ 8 ಸೆಂಟಿಮೀಟರು ಎಂದರೆ 40 ಚದರ ಸೆಂಟಿಮೀಟರು. ಒಂದು ಚದರ ಸೆಂಟಿಮೀಟರಿಗೆ 15 ಕಿಲೋಗ್ರಾಂ ಭಾರ! ಗಾಳಿ ತುಂಬಿದ ಟೈರಿನಲ್ಲಿ ನೆಲದ ಮೇಲಿನ ಒತ್ತಡ ಹೆಚ್ಚುಕಡಿಮೆ ಒಳಗಿನ ಗಾಳಿಯ ಒತ್ತಡದಷ್ಟೇ ಇರುತ್ತದೆ. 3 ಕಿಲೋಗ್ರಾಂ ಒತ್ತಡದ ಗಾಳಿ ತುಂಬಿದರೆ ಟೈರು ಚಪ್ಪಟೆಯಾಗಿ 200 ಚದರ ಸೆಂಟಿಮೀಟರು ನೆಲವನ್ನು ಹಿಡಿಯುತ್ತದೆ. ಐದು ಪಟ್ಟು ಹೆಚ್ಚು ಜಾಗ, ಐದನೆಯ ಒಂದು ಒತ್ತಡ.

ಹಾಗಾದರೆ ರೈತ ಮೂರ್ಖನೇ? ಖಂಡಿತ ಅಲ್ಲ. ಅಗಲವಾದ ಹಳಿಗೆ ಹೆಚ್ಚು ಕಬ್ಬಿಣ ಬೇಕು, ಅದರ ತೂಕ ಎತ್ತಿನ ಹೆಗಲಿಗೆ. ಅಗಲ ಹೆಚ್ಚಿದಷ್ಟೂ ಎರೆ ಹೆಚ್ಚು ಮೆತ್ತಿಕೊಳ್ಳುತ್ತದೆ. ಕೆಸರು ತೆಳುವಾಗಿದ್ದು ಕೆಳಗೆ ಗಟ್ಟಿ ನೆಲವಿದ್ದರೆ ಸಪೂರ ಹಳಿ ಕೆಸರನ್ನು ಸೀಳಿ ಗಟ್ಟಿಯನ್ನು ಮುಟ್ಟುತ್ತದೆ. ಹಿಮದ ದೇಶಗಳಲ್ಲೂ ಕರಗುತ್ತಿರುವ ಹಿಮದ ರಾಡಿಗೆ ಸಪೂರ ಟೈರೇ ಲೇಸೆಂಬ ಅನುಭವವಿದೆ. ನಯವಾದ ಗಟ್ಟಿ ರಸ್ತೆಯಲ್ಲಂತೂ ಕಬ್ಬಿಣದ ಗಾಲಿ ರಬ್ಬರಿಗಿಂತ ಹಗುರಾಗಿ ಉರುಳುತ್ತದೆ. ರಸ್ತೆಯ ಖರ್ಚು ಸರಕಾರದ್ದು, ಗಾಲಿಯ ಖರ್ಚು ರೈತನದು. ಎಂಜಿನಿಯರು ಒಂದನ್ನು ನೋಡಿದರೆ ರೈತ ಇನ್ನೊಂದನ್ನು ನೋಡಿದ. ಆಳವಾದ ಎರೆಗೆ ಮಾತ್ರ ಯಾವ ಹಳಿಯೂ ಉತ್ತರವಾಗಿರಲಿಲ್ಲ. ರೈತ ಬಂಡಿಯನ್ನು ಮನೆಯ ಮುಂದೆ ನಿಲ್ಲಿಸಿ, ಕೀಲೆಣ್ಣೆ ಹಚ್ಚಿ, ನೆಲ ಆರುವುದನ್ನು ಕಾಯುತ್ತಿದ್ದ. ಕಾಯಲಾಗದ ಬಾಣಂತಿಗೆ, ಹಾವು ಕಚ್ಚಿದವನಿಗೆ ಆ ಕೆಸರು ಏನಾಗಿತ್ತೆಂದು ನೀವೇ ಯೋಚಿಸಿ.

ಗಾಳಿ ತುಂಬಿದ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ಪಡೆದಿದ್ದ. ಅದನ್ನು ಮರೆತ ಜಗತ್ತಿಗೆ 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ಮತ್ತೆ ಕೊಟ್ಟ. ಮಗನ ಮೂರು ಗಾಲಿಯ ಸೈಕಲ್ಲಿಗೆಂದು ಆತ ಅದನ್ನು ಮಾಡಿದ. ಬಂಗಾಳದ ಸಾಹಾಗಂಜಿನಲ್ಲಿ 1936ರಲ್ಲಿ ಡನ್ಲಪ್ ಕಾರ್ಖಾನೆ ಬಂತು. ಎತ್ತಿನ ಬಂಡಿಗೆಂದೇ ಟೈರುಗಳು ತಯಾರಾದವು. ನಿಜಾಮ ಸಂಸ್ಥಾನದಲ್ಲಿ 1932ರಲ್ಲಿ 27 ಬಸ್ಸುಗಳಿಂದ ಸರಕಾರಿ ರಸ್ತೆ ಸಾರಿಗೆ ಶುರುವಾಗಿತ್ತು. ಬಸ್ಸು ಲಾರಿ ಹೆಚ್ಚಿದಂತೆ ಹಳೆಯ ಟೈರುಗಳೂ ಸಿಗತೊಡಗಿದವು. ಸವೆದ ಲಾರಿ ಟೈರನ್ನು ಹಾಕಿ ಕಟ್ಟಿದ ಟೈರುಗಾಡಿ ಹಳ್ಳಿಗಳಿಗೆ ಬಂತು. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ ಎತ್ತಿನ ಬಂಡಿಯ ಸುಧಾರಣೆಗಾಗಿ ಎಪ್ಪತ್ತರ ದಶಕದಿಂದ ದುಡಿದರು. ಬಂಡಿಯನ್ನು ಕೀಳಾಗಿ ಕಾಣಬಾರದು, ಎತ್ತಿನ ನೋವನ್ನು ತಗ್ಗಿಸಬೇಕು ಎಂಬುದು ಅವರ ಹಟ. ಟೈರುಗಾಡಿಯಿಂದ ಎತ್ತಿನ ಹೆಗಲು ಹಗುರಾಯಿತು. ಹಳಿ ಕಟ್ಟುವ ಕಮ್ಮಾರನ ಕುಲುಮೆ ತಣ್ಣಗಾದದ್ದೂ ಅದರಿಂದಲೇ.

ಅಷ್ಟರಲ್ಲಿ ನೆಲವೇ ಬದಲಾಗಿತ್ತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯಿತು. ಎಡದಂಡೆ ಕಾಲುವೆ ಸಿಂಧನೂರಿನ ಜೋಳದ ಎರೆಯನ್ನು ಭತ್ತದ ಗದ್ದೆ ಮಾಡಿತು. ಮುಂದೆ ನಾರಾಯಣಪುರ ಬಲದಂಡೆ ಕಾಲುವೆ ಲಿಂಗಸುಗೂರು ತಾಲ್ಲೂಕಿಗೂ ಕೃಷ್ಣೆಯ ನೀರು ತಂದಿತು. ಹಿಂದೆ ಕೆಸರು ಎರಡು ಮೂರು ತಿಂಗಳ ಅತಿಥಿ, ಈಗ ಗದ್ದೆಯಲ್ಲಿ ಅದನ್ನು ಬೇಕೆಂದೇ ಮಾಡಬೇಕು. ಇಲ್ಲಿ ಟೈರುಗಾಡಿಯೂ ಸೋತಿತು, ಟ್ರ್ಯಾಕ್ಟರಿನ ರಬ್ಬರು ಟೈರೂ ಜಾರಿತು. ಟ್ರ್ಯಾಕ್ಟರಿನ ಹಿಂದಿನ ಟೈರನ್ನು ಹತ್ತಿರದಿಂದ ನೋಡಿ. ವಿ ಆಕಾರದ ದಪ್ಪ ಪಟ್ಟಿಗಳಿವೆ. ಗಾಲಿ ಮುಂದೆ ಉರುಳುವಾಗ ವಿ ಅಕ್ಷರದ ಚೂಪು ಮೊದಲು ನೆಲ ಮುಟ್ಟಬೇಕು. ಆಗ ಕೆಸರು ನಡುವಿನಿಂದ ಎರಡೂ ಪಕ್ಕಕ್ಕೆ ಹೊರಳಿ ಹೊರಬೀಳುತ್ತದೆ. ತಿರುಗಿಸಿ ಜೋಡಿಸಿದರೆ ಕೆಸರು ಒಳಗೇ ತುಂಬಿ, ಹಳೆಯ ಬಂಡಿಯ ಪಾಡೇ ಆಗುತ್ತದೆ. ಇದೂ ಸಾಲದ ಗದ್ದೆಗೆ ಕಬ್ಬಿಣದ ಪಟ್ಟಿಗಳ ಪಂಜರದಂತಹ ಕೇಜ್ ವೀಲ್ ಬಂತು. ರಬ್ಬರು ಬಂದು ಹೊರಗಟ್ಟಿದ್ದ ಕಬ್ಬಿಣ ಹೀಗೆ ಹಿಂದಿನ ಬಾಗಿಲಿನಿಂದ ಒಳಬಂತು ನೋಡಿ! ಗದ್ದೆಯಲ್ಲಿ ಅದು ಬಲು ಉಪಕಾರಿ. ಆದರೆ ಅದನ್ನು ಬಿಚ್ಚುವ ಬೇಸರಕ್ಕೆ ಹಾಗೆಯೇ ಡಾಂಬರು ರಸ್ತೆಗೆ ತಂದರೆ ಪಟ್ಟಿಗಳು ರಸ್ತೆಯನ್ನು ಕಿತ್ತು ಬಿಸಾಡುತ್ತವೆ. ನಮ್ಮ 1989ರ ಮೋಟಾರು ವಾಹನ ನಿಯಮಗಳ ಪ್ರಕಾರ ರಸ್ತೆಯ ಮೇಲೆ ಗಾಳಿ ತುಂಬಿದ ಟೈರೇ ಇರಬೇಕು. ನೂರು ವರ್ಷದ ಹಿಂದಿನ ಎಂಜಿನಿಯರ್–ರೈತರ ಜಗಳ ಹೊಸ ವೇಷದಲ್ಲಿ ಮುಂದುವರಿದಿದೆ. ಈ ಸಲ ನನ್ನ ಮತ ಎಂಜಿನಿಯರಿನ ಕಡೆಗೆ. ಆ ರಸ್ತೆಯಲ್ಲಿ ಶಾಲೆಗೆ ಹೋಗುವವರು ನೀವೇ ಅಲ್ಲವೇ?

ಇಂದು ಲಿಂಗಸುಗೂರು, ಮಸ್ಕಿ, ಸಿಂಧನೂರುಗಳನ್ನು ರಾಷ್ಟ್ರೀಯ ಹೆದ್ದಾರಿ ಪೋಣಿಸಿದೆ. ಎಲ್ಲ ನೆಲಕ್ಕೂ ಆಗುವ ಟೈರೆಂದು ಅಂಗಡಿಯವರು ಜೀಪಿಗೆ, ಮೋಟಾರ್ ಸೈಕಲ್ಲಿಗೆ ಗಟ್ಟಿ ಕಚ್ಚುಗಳ ಟೈರು ತೋರಿಸುತ್ತಾರೆ. ಅಂಥವು ಡಾಂಬರಿನಲ್ಲಿ ಸದ್ದು ಮಾಡುತ್ತವೆ, ಎಣ್ಣೆ ಹೆಚ್ಚು ಕುಡಿಯುತ್ತವೆ. ಹಸಿ ಎರೆಯಲ್ಲಿ ಅವುಗಳ ಕಚ್ಚುಗಳೂ ಕೊನೆಗೆ ತುಂಬಿಕೊಳ್ಳುತ್ತವೆ. ಇಲ್ಲಿನ ಚಳಿಗಾಲಕ್ಕೆ ಬೇರೆ ಟೈರು ಬೇಡ. ರಬ್ಬರು ಗಡಸಾಗುವಷ್ಟು ಚಳಿ ಇಲ್ಲಿಲ್ಲ, ಹಿಂಗಾರಿನ ನಂತರ ನೆಲವೂ ಗಟ್ಟಿ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಬೆಳೆದ ಜೋಳದ ನಡುವೆ ಚರಗ ಚೆಲ್ಲಲು ಹೋಗುವುದು ಸಾಧ್ಯವಾಗುವುದೂ ಅದರಿಂದಲೇ.

ಮುಂದಿನ ಮಳೆ ಬಿದ್ದ ಮರುದಿನ ಹೊಲದ ದಾರಿಗೆ ಹೋಗಿ ನಿಂತು ನೋಡಿ. ಸೈಕಲ್ಲು, ಟೈರುಗಾಡಿ, ಟ್ರ್ಯಾಕ್ಟರು, ಎತ್ತು ಇವುಗಳ ಗುರುತುಗಳ ಆಳವನ್ನು ಅಳತೆಪಟ್ಟಿಯಿಂದ ಅಳೆದು ಬರೆದಿಟ್ಟುಕೊಳ್ಳಿ. ಊರಿನಲ್ಲಿ ಹಳಿ ಕಟ್ಟಿದ ಕಮ್ಮಾರಜ್ಜ ಯಾರಾದರೂ ಉಳಿದಿದ್ದರೆ ಆ ಅಳತೆಗಳನ್ನು ಅವರ ಮುಂದೆ ಇಟ್ಟು, ಯಾವ ಗಾಲಿಗೆ ಎಷ್ಟು ಅಗಲದ ಹಳಿ ಹಾಕುತ್ತಿದ್ದಿರಿ ಅಜ್ಜಾ ಎಂದು ಕೇಳಿ.