ಮಾರಿಷಸ್ಸಿನ ಕ್ರಿಯೋಲ್ ಊಟ

ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರಿಗೆ ಪೂರ್ವದಲ್ಲಿರುವ ಮಾರಿಷಸ್ ಒಂದು ಚಿಕ್ಕ ದ್ವೀಪ. ಅದಕ್ಕೆ ಮೂಲನಿವಾಸಿಗಳೆಂಬುವರೇ ಇಲ್ಲ. ಅಲ್ಲಿಯ ಎಲ್ಲರ ಪೂರ್ವಜರೂ ಹೊರಗಿನಿಂದ ಬಂದವರು. ಅವರಲ್ಲಿ ಅನೇಕರು ತಾವಾಗಿ ಬಂದವರಲ್ಲ, ಹಿಡಿದು ತರಲ್ಪಟ್ಟವರು. ಹೀಗೆ ಬಂದವರೆಲ್ಲ ಸೇರಿ ಕಟ್ಟಿಕೊಂಡ ಭಾಷೆಗೂ ಅಡುಗೆಗೂ ಕ್ರಿಯೋಲ್ ಎಂದೇ ಹೆಸರು.

ಡಚ್ಚರು 1638ರಲ್ಲಿ ಇಲ್ಲಿ ನೆಲೆಸಿದರು. ಜಾವಾದಿಂದ ಕಬ್ಬನ್ನು ತಂದು ನೆಟ್ಟವರು ಅವರೇ. 1710ರಲ್ಲಿ ಅವರು ದ್ವೀಪವನ್ನು ಬಿಟ್ಟುಹೋದ ಮೇಲೆ, 1715ರಲ್ಲಿ ಅದು ಫ್ರೆಂಚರ ವಶವಾಯಿತು. 1735ರಲ್ಲಿ ಗವರ್ನರಾಗಿ ಬಂದ ಲಾ ಬೂರ್ದೊನೆ ಬಂದರು, ರಸ್ತೆ, ಸಕ್ಕರೆ ಕಾರ್ಖಾನೆಗಳನ್ನು ಕಟ್ಟಿಸಿದ. ಈ ಕೆಲಸಕ್ಕೆ ಮಡಗಾಸ್ಕರ್ ಮತ್ತು ಮೊಜಾಂಬಿಕ್‌ಗಳಿಂದ ಗುಲಾಮರನ್ನು ತರಿಸಲಾಯಿತು. ಪಾಂಡಿಚೇರಿಯಿಂದ ಕುಶಲಕರ್ಮಿಗಳೂ ಬಂದರು. ಗುಲಾಮರ ಹೊಟ್ಟೆ ತುಂಬಿಸಲು ಅಗ್ಗದ ಆಹಾರವೊಂದು ಬೇಕಾಗಿತ್ತು. ಅದಕ್ಕಾಗಿ ಬ್ರೆಜಿಲಿನಿಂದ ಮರಗೆಣಸನ್ನು ತರಿಸಿದರು. ಕಹಿ ಜಾತಿಯ ಮರಗೆಣಸಿನಲ್ಲಿ ಸಯನೈಡ್ ವಿಷ ಉತ್ಪತ್ತಿಯಾಗುತ್ತದೆ. ತುರಿದು, ಹಿಂಡಿ, ಚೆನ್ನಾಗಿ ಬೇಯಿಸಿದರೆ ಮಾತ್ರ ಅದು ತಿನ್ನಲು ಯೋಗ್ಯ. ಗುಲಾಮರ ಹೊಟ್ಟೆಗೆಂದು ಬಂದ ಈ ಗೆಡ್ಡೆಯಿಂದ ಮಾಡಿದ ಬಿಸ್ಕತ್ತು ಮುಂದೆ ಮಾಹೆಬುರ್ ಪಟ್ಟಣದ ಪ್ರಸಿದ್ಧ ತಿಂಡಿಯಾಯಿತು. 1870ರಲ್ಲಿ ಆರಂಭವಾದ ಒಂದು ಕಾರ್ಖಾನೆಗೆ ಅದರಿಂದಲೇ ಹೆಸರು ಬಂದಿದೆ.

ಬಡವರ ಊಟದಲ್ಲಿ ಸೊಪ್ಪಿಗೆ ಮೊದಲ ಸ್ಥಾನ. ಸೊಪ್ಪಿಗೆ ಅಲ್ಲಿ 'ಬ್ರೆದ್' ಎನ್ನುವರು. ಈ ಪದ ಪೋರ್ಚುಗೀಸ್ ಮೂಲದ್ದು. ಕೆಸುವಿನ ಸೊಪ್ಪು 'ಬ್ರೆದ್ ಸೊಂಜ್'. ನುಗ್ಗೆ ಸೊಪ್ಪು 'ಬ್ರೆದ್ ಮುರೂಮ್'. ಇದರಲ್ಲಿರುವುದು ತಮಿಳಿನ ಮುರುಂಗೈ. ಈರುಳ್ಳಿ, ಬೆಳ್ಳುಳ್ಳಿ ಹಾಕಿ ಕುದಿಸಿದ ಸೊಪ್ಪಿನ ತಿಳಿಸಾರು, ಅನ್ನ, ಒಂದು ಚೂರು ಉಪ್ಪುಮೀನು, ಜೊತೆಗೆ 'ರುಗಾಯ್'. ಟೊಮೇಟೊ, ಈರುಳ್ಳಿ, ಶುಂಠಿ, ಮೆಣಸಿನಕಾಯಿಗಳನ್ನು ಬೇಯಿಸಿ, ಫ್ರೆಂಚರ ಥೈಮ್ ಎಲೆ ಸೇರಿಸಿದರೆ ರುಗಾಯ್ ಆಯಿತು. 'ವಿಂದಾಯ್' ಎಂಬುದು ಸಾಸಿವೆ, ಅರಿಸಿನ, ವಿನಿಗರ್ ಹಾಕಿದ ಮೀನಿನ ಪದಾರ್ಥ. ಇದು ಗೋವೆಯ ವಿಂದಾಲೂವಿನ ದಾಯಾದಿ. ಎರಡೂ ಪೋರ್ಚುಗೀಸರ ಅಡುಗೆಯಿಂದ ಹುಟ್ಟಿದವು.

1810ರಲ್ಲಿ ದ್ವೀಪ ಬ್ರಿಟಿಷರ ಕೈಸೇರಿತು. 1835ರಲ್ಲಿ ಗುಲಾಮಗಿರಿ ರದ್ದಾಯಿತು. ಕಬ್ಬಿನ ತೋಟಗಳಿಗೆ ಕೈಗಳು ಬೇಕಲ್ಲ! 1834ರ ನವೆಂಬರ್ 2ರಂದು 'ಅಟ್ಲಾಸ್' ಹಡಗಿನಲ್ಲಿ 36 ಮಂದಿ ಭಾರತೀಯ ಕೂಲಿಗಳು ಪೋರ್ಟ್ ಲೂಯಿಯಲ್ಲಿ ಇಳಿದರು. ಮುಂದಿನ ಮುಕ್ಕಾಲು ಶತಮಾನದಲ್ಲಿ ಸುಮಾರು ನಾಲ್ಕೂವರೆ ಲಕ್ಷ ಜನ ಕರಾರಿನ ಮೇಲೆ ಬಂದರು. ಹೆಚ್ಚಿನವರು ಬಿಹಾರದ ಕಡೆಯ ಭೋಜಪುರಿಗಳು, ಉಳಿದವರು ತಮಿಳರು, ತೆಲುಗರು, ಮರಾಠಿಗರು. ಗಂಡಾಳಿಗೆ ತಿಂಗಳಿಗೆ 5 ರೂಪಾಯಿ ಸಂಬಳ; ಅದರ ಮೇಲೆ ಅಕ್ಕಿ, ಬೇಳೆ, ಉಪ್ಪು. ಅವರು ಇಳಿದ ಆಪ್ರವಾಸಿ ಘಾಟ್ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಆ ಬೇಳೆಯೇ ಮುಂದೆ ದ್ವೀಪದ ತಿಂಡಿಯಾಯಿತು. 'ಧಾಲ್ ಪುರಿ'ಗೆ ಬೇಳೆಯನ್ನು ಬೇಯಿಸಿ, ನೀರು ಬಸಿದು, ಪುಡಿಮಾಡಿ, ಕಣಕದೊಳಗೆ ತುಂಬಿ, ತೆಳ್ಳಗೆ ಲಟ್ಟಿಸಿ ಕಾವಲಿಯ ಮೇಲೆ ಬೇಯಿಸುವರು. ಹೋಳಿಗೆ ಮಾಡಿ ಪಳಗಿದ ಕೈಗೆ ಇದನ್ನು ಕಲಿಸಬೇಕಾಗಿಲ್ಲ, ಬೆಲ್ಲವೊಂದಿಲ್ಲ, ಅಷ್ಟೆ. 'ಗಾತೋ ಪಿಮಾ' ಎಂದರೆ ಶಬ್ದಾರ್ಥದಲ್ಲಿ ಮೆಣಸಿನಕಾಯಿ ಕೇಕು. ಬಾಯಿಗೆ ಬಂದಾಗ ಅದು ನಮ್ಮ ಅಂಬೊಡೆಯೇ. ಬೀದಿಯಲ್ಲಿ ಧಾಲ್ ಪುರಿಯನ್ನು ಜೋಡಿ ಲೆಕ್ಕದಲ್ಲಿ ಮಾರುತ್ತಾರೆ. ಕೂಲಿಯವನ ಆ ಪುರಿಯ ಮೇಲೆ ಗುಲಾಮನ ರುಗಾಯನ್ನು ಸವರಿ, ಸುರುಳಿ ಸುತ್ತಿ ಕಾಗದದಲ್ಲಿ ಕೊಡುವರು. ಹಿಂದೂ, ಮುಸಲ್ಮಾನ, ಕ್ರೈಸ್ತ, ಚೀನೀಯ ಎನ್ನದೆ ಎಲ್ಲರೂ ಕೊಂಡು ತಿನ್ನುವರು.

ಪಾನೀಯಗಳಿಗೂ ಇದೇ ಮಾತು. ಗಾಣದಿಂದ ಬಂದ ಕಬ್ಬಿನ ಹಾಲು 'ಫಾಂಗುರೆಂ'. ಸಕ್ಕರೆಯ ಕಾಕಂಬಿಯಿಂದ ಇಳಿಸಿದ್ದು ರಮ್. ಪೋರ್ಟ್ ಲೂಯಿಯ ಮಾರುಕಟ್ಟೆಯ 'ಆಲೂದಾ' ನಮ್ಮ ಫಾಲೂದಾದ ಬಂಧು: ತಣ್ಣನೆಯ ಹಾಲು, ನೆನೆದ ಕಾಮಕಸ್ತೂರಿ ಬೀಜ, ಕಡಲಪಾಚಿಯ ಜೆಲ್ಲಿ.

ಇಷ್ಟೆಲ್ಲ ಉಳಿಯಿತು, ಸಂತೋಷ. ಆದರೆ ಪುರಿಯನ್ನು ತಂದವರ ಮಾತು ಏನಾಯಿತು? 2000ದ ಜನಗಣತಿಯಲ್ಲಿ ಮನೆಯಲ್ಲಿ ಭೋಜಪುರಿ ಆಡುವವರು ಶೇಕಡ 12ರಷ್ಟಿದ್ದರು. 2011ರ ಹೊತ್ತಿಗೆ ಶೇಕಡ 5ಕ್ಕೆ ಇಳಿದರು. ಹೆಚ್ಚಿನ ಮನೆಗಳ ಮಾತು ಕ್ರಿಯೋಲ್ ಆಯಿತು. ಪುರಿ ನಾಲಿಗೆಯ ಮೇಲೆ ಉಳಿಯಿತು, ಭಾಷೆ ಉಳಿಯಲಿಲ್ಲ. ರುಚಿ ಬೀದಿಯಲ್ಲೂ ಸಿಗುತ್ತದೆ, ದುಡ್ಡು ಕೊಟ್ಟರೆ ಯಾರೂ ಮಾಡಿಕೊಡುತ್ತಾರೆ. ಮಾತನ್ನು ಮಾತ್ರ ಮನೆಯವರೇ ಮಕ್ಕಳೊಡನೆ ದಿನವೂ ಆಡಬೇಕು. ಯುಗಾದಿಯ ಹೋಳಿಗೆ ಊಟಕ್ಕೆ ತಪ್ಪದೆ ಸೇರುವ ನಾವು, ಪರಊರಿನ ಕನ್ನಡಿಗರು, ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.