ಗೂಡುದೀಪಕ್ಕೆ ಬಂದ ಸಿನಿಮಾ

ಉತ್ತರ ಕರ್ನಾಟಕದವರ ಆಕಾಶಬುಟ್ಟಿ, ಕರಾವಳಿಯವರ ಗೂಡುದೀಪ: ಹೆಸರು ಎರಡಾದರೂ ವಸ್ತು ಒಂದೇ. ಬಿದಿರಿನ ಸೀಳುಗಳ ಹಂದರ, ಮೇಲೆ ಬಣ್ಣದ ಕಾಗದ, ಒಳಗೊಂದು ದೀಪ. ಕಾರ್ತಿಕದಲ್ಲಿ ಅದನ್ನು ಎತ್ತರಕ್ಕೆ ಏರಿಸುತ್ತಿದ್ದುದು ಪಿತೃಗಳಿಗೆ ದಾರಿ ಕಾಣಲೆಂದು. ನಮ್ಮ ಬಾಗಲೂರು, ಹೊಸೂರಿನ ಕಡೆ ಹುಣ್ಣಿಮೆಯ ಆಸುಪಾಸಿನಲ್ಲಿ ಬರುವ ಕಾರ್ತಿಗೈ ದೀಪ ನೆಲದ್ದು. ಹೊಸ್ತಿಲಲ್ಲಿ, ಜಗಲಿಯಲ್ಲಿ ಸಾಲಾಗಿ ಉರಿಯುವಂಥದು.

ಪಿತೃಗಳಿಗೆ ಕಾಗದದ ದೀಪ ತೋರಿಸುವ ರೂಢಿ ಜಪಾನಿನಲ್ಲೂ ಉಂಟು. ಅಲ್ಲಿ ಅದನ್ನು ನೀರಿನಲ್ಲಿ ತೇಲಿಬಿಡುತ್ತಾರೆ. ಅವೊಮೊರಿ ಪಟ್ಟಣದಲ್ಲಿ ಆಗಸ್ಟ್ 2ರಿಂದ 7ರವರೆಗೆ ನಡೆಯುವ ನೆಬುತ ಹಬ್ಬದ ದೀಪಗಳಂತೂ ತೇರಿನಷ್ಟು ದೊಡ್ಡವು: ಸುಮಾರು 9 ಮೀಟರ್ ಅಗಲ, 5 ಮೀಟರ್ ಎತ್ತರ. ಕಾಗದದ ಮೇಲೆ ಬರೆದ ಯೋಧರು ಒಳಗಿನ ಬೆಳಕಿಗೆ ಕಣ್ಣರಳಿಸುತ್ತಾರೆ. ಎರಡನೇ ಮಹಾಯುದ್ಧದ ನಂತರ ಬಿದಿರಿನ ಜಾಗಕ್ಕೆ ತಂತಿ ಬಂತು, ಮೋಂಬತ್ತಿಯ ಜಾಗಕ್ಕೆ ಬಲ್ಬು. 1980ರಲ್ಲಿ ಸರ್ಕಾರ ಈ ಹಬ್ಬವನ್ನು ರಾಷ್ಟ್ರದ ಮಹತ್ವದ ಜಾನಪದ ಸಂಪತ್ತೆಂದು ಗುರುತಿಸಿತು. 2015ರಲ್ಲಿ ಅಲ್ಲಿ ಸ್ಟಾರ್ ವಾರ್ಸ್ ಚಿತ್ರದ ಪಾತ್ರಗಳೂ ನೆಬುತಗಳಾಗಿ ಬೆಳಗಿದವು. ಪರಂಪರೆ ಕೆಟ್ಟಿತೆನ್ನುವವರು ಒಂದನ್ನು ಮರೆಯಬಾರದು. ನೆಬುತದ ಹಳೆಯ ವಸ್ತುಗಳಲ್ಲಿ ಕಾಬುಕಿ ನಾಟಕದ ದೃಶ್ಯಗಳೂ ಇವೆ. ಕಾಬುಕಿಯಾದರೂ ಆ ಕಾಲದ ಪೇಟೆ ಜನ ಮುಗಿಬಿದ್ದು ನೋಡುತ್ತಿದ್ದ ಆಟವೇ.

ಕೇರಳದಲ್ಲಿ ಸಿನಿಮಾ ಹೊಕ್ಕಿದ್ದು ಕ್ರಿಸ್ಮಸ್ಸಿನ ನಕ್ಷತ್ರದೀಪವನ್ನು. ಅಂಗಡಿಯವರು ಆ ವರ್ಷದ ಜನಪ್ರಿಯ ಚಿತ್ರದ ಹೆಸರನ್ನೇ ನಕ್ಷತ್ರಕ್ಕಿಟ್ಟು ಮಾರುತ್ತಾರೆ. 2016ರಲ್ಲಿ 'ಪುಲಿಮುರುಗನ್' ನಕ್ಷತ್ರ. ಮರುವರ್ಷ 'ಜಿಮಿಕ್ಕಿ ಕಮ್ಮಲ್' ಹಾಡಿನ ಹೆಸರಿನದು. ಹೆಸರು ಹೊಸದಾದರೂ ನಕ್ಷತ್ರ ನಕ್ಷತ್ರವೇ. ಮಲಯಾಳಿ ವ್ಯಾಪಾರಿಯ ಈ ಜಾಣತನ ನನಗಂತೂ ಇಷ್ಟ.

ಮಂಗಳೂರಿನ ಬಗೆ ಬೇರೆ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠಾಪಿಸಿದ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ದೀಪಾವಳಿಯ ಹೊತ್ತಿಗೆ ಗೂಡುದೀಪ ಸ್ಪರ್ಧೆ ನಡೆಯುತ್ತ ಬಂದಿದೆ. ಸಾಂಪ್ರದಾಯಿಕ, ಆಧುನಿಕ, ಪ್ರತಿಕೃತಿ ಎಂದು ವಿಭಾಗಗಳು. ಹಳತಕ್ಕೂ ಹೊಸತಕ್ಕೂ ನಡುವೆ ಹೀಗೆ ಬೇಲಿ ಹಾಕಿದ್ದು ಸರಿಯೇ ಎಂಬ ಅನುಮಾನ ನನಗಿದೆ. ನೆಬುತ ಕಟ್ಟುವವರು ಅಂಥ ಬೇಲಿ ಹಾಕಿಕೊಂಡಿದ್ದರೆ ಕಾಬುಕಿಯೂ ಹೊರಗೇ ಉಳಿಯುತ್ತಿತ್ತು. ಆದರೂ ಬಹುಮಾನದ ಆಸೆಗಾದರೂ ಹುಡುಗರು ಬಿದಿರು ಸೀಳಿ, ಅಂಟು ಕಲಸಿ, ಕಾಗದ ಕತ್ತರಿಸುತ್ತಾರಲ್ಲ! ಗೂಡುದೀಪಕ್ಕೆ ಕುತ್ತು ತಂದದ್ದು ಸಿನಿಮಾ ಅಲ್ಲ. ಮಡಿಸಿಟ್ಟು ಮರುವರ್ಷ ಬಿಚ್ಚಿ ತೂಗುಹಾಕುವ ಪ್ಲಾಸ್ಟಿಕ್ಕಿನ ಬುಟ್ಟಿ ಪೇಟೆಯಲ್ಲಿ ಅಗ್ಗಕ್ಕೆ ಸಿಗತೊಡಗಿದ ಮೇಲೆ ಮನೆಯಲ್ಲಿ ಬಿದಿರು ಸೀಳುವ ಕತ್ತಿಗೆ ಕೆಲಸ ತಪ್ಪಿತು.