ಚಳಿಗಾಲದ ದೇವಿ ಯಾರು? ಗೆಜ್ಜಲಗೆರೆ, ಸವದತ್ತಿ, ಸ್ಕಾಟ್ಲೆಂಡ್

ಗೆಜ್ಜಲಗೆರೆ, ಮದ್ದೂರಿನ ಸುತ್ತಿನ ಹಳ್ಳಿಗಳಲ್ಲಿ ಚಳಿಗಾಲವನ್ನು ಆಳುವ ದೇವಿಯಿಲ್ಲ. ಧನುರ್ಮಾಸ ಶೂನ್ಯಮಾಸವೆಂದು ಮದುವೆಗಳು ನಿಲ್ಲುತ್ತವೆ, ದೇವಸ್ಥಾನದಲ್ಲಿ ಬೆಳಗಿನ ಜಾವವೇ ಪೂಜೆಯಾಗುತ್ತದೆ. ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸಿದರೆ ಅಲ್ಲಿಗೆ ಚಳಿಯ ಲೆಕ್ಕ ಚುಕ್ತಾ. ದಾರಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಹಚ್ಚುತ್ತಾರೆ. ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದ ದನಗಳು ಅದನ್ನು ಹಾರಿ ಮನೆಗೆ ಓಡುತ್ತವೆ. ಮೈಯ ಉಣ್ಣೆ ಉದುರಲಿ ಎಂದು ಹೀಗೆ ಮಾಡುತ್ತೇವೆ ಎನ್ನುವುದು ರೈತರ ವಿವರಣೆ. ಈ ಸೀಮೆಯಲ್ಲಿ ಋತುವಿನ ಒಡತಿ ಎನ್ನಬಹುದಾದವಳು ಮಾರಮ್ಮ. ಅವಳ ಹಬ್ಬ ಯುಗಾದಿ ಕಳೆದು ಬಿಸಿಲೇರಿದ ಮೇಲೆ. ಚಳಿಯ ದೇವತೆ ಒಂದು ನಾಡಿಗೆ ಬೇಕಾಗಿ ಇನ್ನೊಂದಕ್ಕೆ ಬೇಡವಾದದ್ದು ಏಕೆ ಎಂಬುದು ಈ ಲೇಖನದ ಪ್ರಶ್ನೆ.

ಚಳಿಯ ದೇವಿಗೆ ವಿದ್ವಾಂಸರು ಮೊದಲು ಎತ್ತುವ ಹೆಸರು ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಕಾಲ್ಯಾಖ್. ಇವಳು ಮುದುಕಿ. ಕೋಲಿನಿಂದ ನೆಲ ಕುಟ್ಟಿ ಹಿಮಗಟ್ಟಿಸುತ್ತಾಳೆ, ಸೆರಗಿನಿಂದ ಕಲ್ಲು ಉದುರಿಸುತ್ತ ಬೆಟ್ಟಗಳನ್ನೇ ಮಾಡುತ್ತಾಳೆ, ಕಾಡಿನ ಜಿಂಕೆಗಳನ್ನು ದನಗಳಂತೆ ಮೇಯಿಸುತ್ತಾಳೆ. ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನ ಕೊರಿವ್ರೆಕನ್ ಸುಳಿಯಲ್ಲಿ ಅವಳು ತನ್ನ ಹೊದಿಕೆ ಒಗೆದಾಗ ಚಳಿಗಾಲ ಶುರುವೆಂದು ಕಥೆ. ಐರ್ಲೆಂಡಿನ ನೈಋತ್ಯ ಮೂಲೆಯ ಬೇರಾ ಪರ್ಯಾಯ ದ್ವೀಪದ ಮುದುಕಿಯ ಬಾಯಲ್ಲಿ ಹೇಳಿಸಿದ ಹಳೆಯ ಐರಿಷ್ ಪದ್ಯವೊಂದಿದ್ದು, ಅದು ಸುಮಾರು 9ನೇ ಶತಮಾನದ್ದೆಂದು ಎಣಿಕೆ. ಆದರೆ ಆ ಪದ್ಯದ ಮುದುಕಿ ಅಳುವುದು ಕಳೆದ ಯೌವನಕ್ಕಾಗಿ. ಅವಳು ಹಿಮ ಸುರಿಸುವುದಿಲ್ಲ. ಚಳಿಗಾಲದ ರಾಣಿಯಾದ ಕಾಲ್ಯಾಖ್ ವಸಂತದ ಬ್ರಿಜಿಡಳನ್ನು ಸೆರೆಯಲ್ಲಿಟ್ಟಳು, ವಸಂತ ಬಂದಾಗ ಸೋತಳು ಎಂಬ ಅಚ್ಚುಕಟ್ಟಾದ ಕಥೆ ಇಂದು ಎಲ್ಲೆಡೆ ಓಡಾಡುತ್ತಿದೆ. ಅದಕ್ಕೆ ಆ ರೂಪ ಕೊಟ್ಟದ್ದು ಡೊನಾಲ್ಡ್ ಮೆಕೆಂಜಿ 1917ರಲ್ಲಿ ಪ್ರಕಟಿಸಿದ ಕಥಾಸಂಗ್ರಹ. ಜನರ ಬಾಯಲ್ಲಿದ್ದ ಚೂರುಪಾರುಗಳನ್ನು ಅವನು ಹೊಲಿದ ಎನ್ನುವುದೇ ನ್ಯಾಯ. ಅದನ್ನೇ ಪ್ರಾಚೀನ ಪುರಾಣವೆಂದು ಎತ್ತಿಕೊಂಡು ಹೋಲಿಕೆಗೆ ಕೂರುವುದು ತರವಲ್ಲ.

ಹೋಲಿಕೆಗೆ ನನಗೆ ಹೆಚ್ಚು ಗಟ್ಟಿಯೆನಿಸುವುದು ಆಚರಣೆ. ಸ್ಕಾಟ್ಲೆಂಡಿನ ಗ್ಲೆನ್ ಲಾಯನ್ ಕಣಿವೆಯ ಒಳಭಾಗದಲ್ಲಿ ಕಲ್ಲು ಜೋಡಿಸಿ ಹುಲ್ಲುಹೆಂಟೆ ಹೊದಿಸಿದ ಪುಟ್ಟ ಗುಡಿಯೊಂದಿದೆ. ಒಳಗೆ ನೀರಿನಲ್ಲಿ ಸವೆದ ಕೆಲವು ಗುಂಡುಕಲ್ಲುಗಳು: ಮುದುಕಿ, ಅವಳ ಗಂಡ, ಮಕ್ಕಳು. ಮೇ ಮೊದಲಲ್ಲಿ ಅವುಗಳನ್ನು ಹೊರಗಿಡುತ್ತಾರೆ, ನವೆಂಬರ್ ಬರುತ್ತಲೇ ಒಳಗಿಟ್ಟು ಬಾಗಿಲು ಮುಚ್ಚುತ್ತಾರೆ. ದನಗಳು ಬೇಸಿಗೆಯ ಮೇವಿಗೆ ಬೆಟ್ಟ ಹತ್ತಿ ಇಳಿಯುತ್ತಿದ್ದ ದಿನಗಳೂ ಇವೇ. ಕೊಯ್ಲಿನ ಕೊನೆಯ ಸಿವುಡನ್ನೂ ಮುದುಕಿಯೆಂದೇ ಕರೆದು, ಕೆಲಸದಲ್ಲಿ ಹಿಂದೆ ಬಿದ್ದ ನೆರೆಯವನಿಗೆ ದಾಟಿಸುತ್ತಿದ್ದರು. ಚಳಿಗಾಲವಿಡೀ ಅವಳಿಗೆ ಉಣ್ಣಿಸುವ ಹೊರೆ ಅವನದು. ಇದ್ದ ಧಾನ್ಯದಲ್ಲೇ ಮುಂದಿನ ಬೇಸಿಗೆ ಮುಟ್ಟಬೇಕಾದವರ ಅಂಜಿಕೆ ಈ ಕುಚೋದ್ಯದಲ್ಲಿದೆ.

ಇದಕ್ಕೆ ಸಾಟಿಯಾದದ್ದು ಕನ್ನಡ ನಾಡಿನಲ್ಲಿ ಸಿಗುವುದು ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ. ಕಾರ್ತವೀರ್ಯನಿಂದ ಜಮದಗ್ನಿ ಸತ್ತಾಗ ಅವನ ಹೆಂಡತಿ ರೇಣುಕೆ, ಅಂದರೆ ಎಲ್ಲಮ್ಮ, ವಿಧವೆಯಾದಳು, ಗಂಡ ಮತ್ತೆ ಜೀವ ಪಡೆದಾಗ ಮುತ್ತೈದೆಯಾದಳು ಎಂಬ ಕಥೆಯನ್ನು ಅಲ್ಲಿ ಪಂಚಾಂಗಕ್ಕೇ ಕಟ್ಟಿದ್ದಾರೆ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆ ಜನರ ಬಾಯಲ್ಲಿ ರಂಡೆ ಹುಣ್ಣಿಮೆ. ಅಂದು ದೇವಿಯ ಹೆಸರಿನಲ್ಲಿ, ಅವಳಿಗೆ ಬಿಟ್ಟ ಜೋಗತಿಯರು ಬಳೆ ಒಡೆದುಕೊಳ್ಳುತ್ತಾರೆ. ಮಾಘದ ಭಾರತ ಹುಣ್ಣಿಮೆ ಮುತ್ತೈದೆ ಹುಣ್ಣಿಮೆ. ಮತ್ತೆ ಹಸಿರು ಬಳೆ, ಕುಂಕುಮ, ಭಂಡಾರ, ಉಧೋ ಉಧೋ ಕೂಗು. ನಡುವಿನ ಎರಡು ತಿಂಗಳೇ ನಮ್ಮ ಚಳಿಗಾಲ. ನಿತ್ಯಮುತ್ತೈದೆ ಎನ್ನಿಸಿಕೊಂಡ ಜೋಗತಿಯೇ ದೇವಿಯ ಜೊತೆ ವರ್ಷಕ್ಕೊಮ್ಮೆ ವಿಧವೆಯಾಗುತ್ತಾಳೆ. ಹೀಗೆ ಹೆಣ್ಣುಮಕ್ಕಳನ್ನು ದೇವಿಗೆ ಮುತ್ತು ಕಟ್ಟಿ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿತು. ಈ ಆಚರಣೆಯ ಬೆಲೆ ತೆತ್ತವರು ಯಾರೆಂಬುದನ್ನು ಬದಿಗಿಟ್ಟು ಬರೀ ಋತುಚಕ್ರದ ಸೊಗಸು ಹೇಳುವುದು ಅರ್ಧ ಮಾತು.

ಐರ್ಲೆಂಡಿನಲ್ಲಿ ಬ್ರಿಜಿಡಳ ಹಬ್ಬ ಫೆಬ್ರುವರಿ 1ಕ್ಕೆ. ಭಾರತ ಹುಣ್ಣಿಮೆಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಇಷ್ಟು ಸಿಕ್ಕಿತೆಂದು ಎರಡಕ್ಕೂ ಒಂದೇ ಮೂಲ ಕಟ್ಟುವ ಉತ್ಸಾಹ ಬೇಡ. ಸವದತ್ತಿಯ ಎರೆನಾಡಿನಲ್ಲಿ ಚಳಿಗಾಲ ಬರಗಾಲವಲ್ಲ, ಹಿಂಗಾರಿ ಜೋಳ ತೆನೆಗಟ್ಟುವ ಕಾಲ. ಹೊಸ್ತಿಲ ಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಎಳ್ಳಮಾಸಿ. ಅಂದು ಹೊಲಕ್ಕೆ ಹೋಗಿ ಐದು ಕಲ್ಲಿಟ್ಟು ಪೂಜಿಸಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪಲ್ಯಗಳ ಎಡೆ ಮಾಡಿ, ಬಸುರಿ ಭೂತಾಯಿಗೆ ಚರಗ ಚೆಲ್ಲುತ್ತಾರೆ. ಮುಂದಿನ ಹುಣ್ಣಿಮೆ ಬನದ ಹುಣ್ಣಿಮೆ: ಬಾದಾಮಿಯ ಬನಶಂಕರಿಗೆ, ಅಂದರೆ ಶಾಕಂಭರಿಗೆ, ತರಕಾರಿಗಳ ನೈವೇದ್ಯ, ತೇರು. ಗುಡ್ಡದಲ್ಲಿ ದೇವಿ ವಿಧವೆಯಾಗಿರುವಾಗಲೇ ಹೊಲದಲ್ಲಿ ಅವಳು ಬಸುರಿ, ಬಾದಾಮಿಯಲ್ಲಿ ಅನ್ನದಾತೆ. ಎಲ್ಲಮ್ಮನ ವೈಧವ್ಯಕ್ಕೆ ಚಳಿಯೇ ಕಾರಣವಾಗಿದ್ದರೆ ಈ ಮೂರೂ ಒಂದೇ ಸೀಮೆಯಲ್ಲಿ ಕೂಡಿ ಬಾಳುತ್ತಿರಲಿಲ್ಲ. ಕಾಲ್ಯಾಖಳಿಗೂ ಎಲ್ಲಮ್ಮನಿಗೂ ಹೊಂದುವುದು ಚಕ್ರದ ರೂಪ ಮಾತ್ರ.

ಕೆಲಸದಲ್ಲಿ ಕಾಲ್ಯಾಖಳಿಗೆ ಹತ್ತಿರವಾದವಳು ಮದ್ದೂರು ಸೀಮೆಯ ಮಾರಮ್ಮನೇ. ಇಲ್ಲಿ ಜನ ಹೆದರುತ್ತಿದ್ದದ್ದು ಬೇಸಿಗೆಗೆ: ಕೆರೆ ಬತ್ತುವ, ಸಿಡುಬು ಹರಡುವ ತಿಂಗಳುಗಳಿಗೆ. ಮೈಮೇಲೆ ಬೊಕ್ಕೆ ಎದ್ದರೆ ರೋಗವೆನ್ನದೆ ಅಮ್ಮ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು, ಮನೆಯಲ್ಲಿ ಒಗ್ಗರಣೆ ಬಂದ್, ಮಗುವಿಗೆ ಬೇವಿನೆಲೆಯ ಹಾಸಿಗೆ, ದೇವಿಗೆ ಮೊಸರನ್ನ. ಹಬ್ಬದಲ್ಲಿ ಹೆಂಗಸರು ತಂಬಿಟ್ಟಿನ ಆರತಿ ಹೊತ್ತು ಬರುತ್ತಾರೆ, ಹರಕೆ ಹೊತ್ತವರು ಕೊಂಡ ಹಾಯುತ್ತಾರೆ. ತಣ್ಣಗಿರು ತಾಯಿ ಎಂದು ಬೇಡುವ ಇವರಿಗೆ ಚಳಿ ಹಗೆಯಾಗಲು ಹೇಗೆ ಸಾಧ್ಯ?

ಸಿಡುಬಿನಿಂದ ಭಾರತ ಮುಕ್ತವೆಂದು 1977ರಲ್ಲಿ ಘೋಷಣೆಯಾಯಿತು. ಅದಕ್ಕೂ ಮೊದಲೇ, 1930ರ ದಶಕದಿಂದ, ಕನ್ನಂಬಾಡಿ ಕಟ್ಟೆಯ ನೀರು ಇರ್ವಿನ್ ನಾಲೆಯಾಗಿ (ಇಂದಿನ ವಿಶ್ವೇಶ್ವರಯ್ಯ ನಾಲೆ) ಈ ಬಯಲಿಗೆ ಹರಿದು, ಬೇಸಿಗೆಯಲ್ಲೂ ಕಬ್ಬು ಹಸಿರಾಗಿ ನಿಲ್ಲುವಂತಾಯಿತು. ಭಯದ ಎರಡೂ ಕಾರಣಗಳು ಸಡಿಲಿದವು. ಹಬ್ಬ ಮಾತ್ರ ಬೇಸಿಗೆಯನ್ನು ಬಿಟ್ಟು ಕದಲಿಲ್ಲ, ಮಗುವಿಗೆ ಸೀತಾಳೆ ಸಿಡುಬು ಬಂದರೆ ಈಗಲೂ ಅಮ್ಮ ಆಗಿದೆ ಎಂದೇ ಹೇಳುತ್ತಾರೆ.